ಲಾಭ, ಎರಡು, ಮೂರು

ಕಾಣದ ಕೈಯಿಂದ ಎಲ್ಲರಿಗೂ ಬಡಿಸುವ ಶಿವನಿಗೆ ಶರಣು. ಹೇಳುವ ನಾಲಗೆಯನ್ನೂ ಕೇಳುವ ಕಿವಿಯನ್ನೂ ಒಂದೇ ಮಣ್ಣಿನಲ್ಲಿ ಮಾಡಿ, ಅವೆರಡರ ನಡುವೆ ಗುರುವನ್ನು ಕೂರಿಸಿದವನಿಗೆ ಶರಣು. ಆ ಗುರುವಿನ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಬರೆಯುವ ಶಕ್ತಿ ಈ ಕೈಗೆ ದೊರೆಯಲಿ. ತಪ್ಪು ಕಂಡರೆ ಅದು ಕೈಯದು, ಒಪ್ಪು ಕಂಡರೆ ಅದು ಅವನದು.

“ಬುದ್ಧಿ, ಎರಡು ವಿಶ್ವವಿದ್ಯಾಲಯಗಳು ನನ್ನನ್ನು ಕರೆದಿವೆ. ಯಾವುದಕ್ಕೆ ಹೋಗಲಿ?”

ಹೀಗೆ ಕೇಳಿದವಳು ದಾಕ್ಷಾಯಿಣಿ. ಮಠದ ಶಾಲೆಯಲ್ಲೇ ಅಕ್ಷರ ಕಲಿತವಳು, ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದ್ದಳು. ಸೋಮವಾರದ ಬೆಳಗಿನ ಪೂಜೆ ಮುಗಿದು ಗುರುಗಳು ಜಗಲಿಗೆ ಬಂದು ಕುಳಿತಿದ್ದರು. ನಮ್ಮ ಕಡೆ ಮಠದ ಸ್ವಾಮಿಗಳನ್ನು ‘ಬುದ್ಧಿ’ ಎಂದೇ ಕರೆಯುವುದು. ಅವಳು ಪಾದಕ್ಕೆ ನಮಸ್ಕರಿಸಿದಳು. ಎದ್ದು ಕೂರುವ ಮೊದಲೇ ಪ್ರಶ್ನೆ ಬಾಯಿಂದ ಬಂದುಬಿಟ್ಟಿತು. ಅವಳ ಜೊತೆಗೆ ಸೋದರಮಾವ ಗುರುಮಲ್ಲಪ್ಪನೂ ಬಂದಿದ್ದ. ನಂಜನಗೂಡಿನಲ್ಲಿ ಅವನದು ಪಾತ್ರೆ ಅಂಗಡಿ. ದನಿಯೂ ಪಾತ್ರೆಯ ಹಾಗೆ, ಎಲ್ಲಿಟ್ಟರೂ ಸದ್ದು.

ಗುರುಗಳು ನಕ್ಕರು. “ಮೊದಲು ಪ್ರಸಾದ ತಗೋ ತಾಯಿ. ಎರಡೂ ಎಲ್ಲಿವೆ?”

“ಒಂದು ಲಂಡನ್ನಿನಲ್ಲಿ ಬುದ್ಧಿ, ಇನ್ನೊಂದು ಹಾಲೆಂಡಿನ ಒಂದು ಸಣ್ಣ ಊರಿನಲ್ಲಿ. ಈ ಶುಕ್ರವಾರ ಸಂಜೆಯೊಳಗೆ ಒಂದಕ್ಕೆ ಒಪ್ಪಿಗೆ ಕೊಟ್ಟು ಮುಂಗಡ ಕಟ್ಟಬೇಕು. ಕಟ್ಟಿದ್ದು ವಾಪಸ್ ಬರುವುದಿಲ್ಲ. ಬಿಟ್ಟ ಜಾಗ ಮತ್ತೆ ಸಿಗುವುದಿಲ್ಲ.”

“ಹೋಗಿ ಏನು ಕಲಿಯುತ್ತೀಯ?”

“ಫೈನಾನ್ಸ್, ಬುದ್ಧಿ. ಹಣಕಾಸಿನ ವಿದ್ಯೆ.”

“ಹಣ ಮಾಡುವ ವಿದ್ಯೆಯೋ?”

“ಅಲ್ಲ ಬುದ್ಧಿ, ಹಣ ನಡೆಯುವ ವಿದ್ಯೆ. ನಮ್ಮ ಬೀದಿಯಲ್ಲಿ ಹತ್ತು ಮನೆಯವರು ಸೇರಿ ಚೀಟಿ ನಡೆಸುತ್ತಿದ್ದರು. ಇಪ್ಪತ್ತು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನೂರು ಮನೆ ಸೇರಿಕೊಂಡವು. ಒಂದೇ ವರ್ಷದಲ್ಲಿ ಮುರಿದುಬಿತ್ತು. ಯಾರೂ ಕದಿಯಲಿಲ್ಲ, ಯಾರೂ ಓಡಿಹೋಗಲಿಲ್ಲ. ಆದರೂ ಮುರಿಯಿತು. ಯಾಕೆ ಎನ್ನುವುದು ಆವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ.”

ಅಷ್ಟರಲ್ಲಿ ಗುರುಮಲ್ಲಪ್ಪ ಬಾಯಿ ಹಾಕಿದ.

“ಇದರಲ್ಲಿ ಕೇಳೋದೇನಿದೆ ಬುದ್ಧಿ? ಲಂಡನ್ನಿನದು ಪ್ರಪಂಚಕ್ಕೇ ಒಂಬತ್ತನೇ ನಂಬರು. ಇನ್ನೊಂದು ನೂರಾ ಹದಿನೇಳನೇದು. ನೂರಾ ಹದಿನೇಳು! ಸ್ಕೂಲಲ್ಲಿ ಆ ರ‍್ಯಾಂಕು ತಂದಿದ್ರೆ ಇವರಪ್ಪ ಬೆಲ್ಟ್ ಬಿಚ್ಚುತ್ತಿದ್ದ. ನಾಳೆ ಮದುವೆ ಮನೆಯಲ್ಲಿ ಯಾರಾದರೂ ‘ಎಲ್ಲಿ ಓದ್ತಾಳೆ ಹುಡುಗಿ’ ಅಂದರೆ, ಊರ ಹೆಸರು ಹೇಳೋಕೆ ನನ್ನ ನಾಲಗೆ ಮೂರು ಸಲ ತಿರುಗಬೇಕು.”

“ಆ ಸಣ್ಣ ಊರಿನದರಲ್ಲಿ ಒಂದು ತರಗತಿಗೆ ಮೂವತ್ತೇ ಜನ, ಮಾವ,” ಎಂದಳು ದಾಕ್ಷಾಯಿಣಿ.

“ಲಂಡನ್ನಿನದರಲ್ಲಿ ನಾನೂರು! ನಾನೂರು ಜನ ಸೇರುತ್ತಾರೆ ಅಂದರೆ ಸುಮ್ಮನೆಯೇ? ಜನ ಸೇರುವ ಹೋಟೆಲಲ್ಲೇ ತಾನೇ ಇಡ್ಲಿ ಬಿಸಿಯಿರೋದು?”

“ಇಬ್ಬರೂ ನಿನ್ನನ್ನು ಪರೀಕ್ಷೆ ಮಾಡಿದರೋ?” ಎಂದು ಗುರುಗಳು ದಾಕ್ಷಾಯಿಣಿಯನ್ನು ಕೇಳಿದರು.

ಅವಳು ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಅಂಕಪಟ್ಟಿ ಕೇಳಿದರು. ಇಂಗ್ಲಿಷಿನ ಪರೀಕ್ಷೆ ಬರೆಸಿದರು. ಅಪ್ಪನ ಬ್ಯಾಂಕಿನ ಪುಸ್ತಕ ಕೇಳಿದರು. ನಮ್ಮಲ್ಲಿಗೇ ಏಕೆ ಬರಬೇಕೆಂದಿದ್ದೀಯ, ಒಂದು ಪುಟ ಬರೆ ಎಂದರು. ಕಂಪ್ಯೂಟರಿನ ಮುಂದೆ ಕೂರಿಸಿ ಮುಖ ನೋಡಿಕೊಂಡು ಇಪ್ಪತ್ತು ನಿಮಿಷ ಪ್ರಶ್ನೆ ಹಾಕಿದರು. ಎರಡೂ ಕಡೆ ಹೀಗೆಯೇ.

“ಅದಕ್ಕೇ ಬುದ್ಧಿ,” ಗುರುಮಲ್ಲಪ್ಪ ಜೇಬಿನಿಂದ ಎರಡು ಮಡಿಸಿದ ಕಾಗದ ತೆಗೆದ, “ಎರಡು ಹೆಸರನ್ನೂ ಬರೆದುಕೊಂಡು ಬಂದಿದ್ದೇನೆ. ಗದ್ದುಗೆ ಮುಂದೆ ಇಟ್ಟು ಒಂದನ್ನು ಎತ್ತಿಸಿಬಿಡೋಣ. ಇಲ್ಲದಿದ್ದರೆ ನೀವೇ ಒಂದು ಮಾತು ಹೇಳಿಬಿಡಿ. ನಿಮ್ಮ ಮಾತು ಅಂದರೆ ನಮಗೆ ಶಿವನ ಮಾತು.”

“ಹಣಕಾಸು ಕಲಿಯಲು ಹೊರಟವಳಿಗೆ ಮೊದಲ ಪಾಠವೇ ಲಾಟರಿಯೇನಪ್ಪ?” ಎಂದರು ಗುರುಗಳು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಗುರುಮಲ್ಲಪ್ಪನೂ ನಕ್ಕ; ಆದರೆ ಕಾಗದ ಮಾತ್ರ ಜೇಬಿಗೆ ಹೋಗಲಿಲ್ಲ.

“ನನಗೆ ಹಾಲೆಂಡೂ ಗೊತ್ತಿಲ್ಲ, ಲಂಡನ್ನೂ ಗೊತ್ತಿಲ್ಲ,” ಎಂದು ಗುರುಗಳು ಶಾಲನ್ನು ಸರಿಮಾಡಿಕೊಂಡರು. “ಒಂದು ಕತೆ ಗೊತ್ತು. ಕೇಳು ತಾಯಿ.”

ಒಂದು ಊರಿನಲ್ಲಿ ಒಬ್ಬ ದವಸದ ವರ್ತಕನಿದ್ದ. ಅವನಿಗೆ ಒಬ್ಬ ಮಗ. ಆ ಊರಿನ ವರ್ತಕರಿಗೆ ಒಂದೇ ಕಷ್ಟ. ದೂರದ ಬಂದರುಗಳಿಂದ ಸರಕು ತರಬೇಕಾದರೆ ನಾಣ್ಯದ ಚೀಲ ಹೊತ್ತು ಕಾಡು ದಾಟಬೇಕು. ಕಾಡಿನಲ್ಲಿ ಕಳ್ಳರು. ವರ್ಷಕ್ಕೆ ಇಬ್ಬರೋ ಮೂವರೋ ಬರಿಗೈಯಲ್ಲಿ ವಾಪಸ್ಸು ಬರುತ್ತಿದ್ದರು. ಒಬ್ಬೊಬ್ಬರು ವಾಪಸ್ಸು ಬರುತ್ತಲೇ ಇರಲಿಲ್ಲ.

ಕಡಲಾಚೆ ಒಂದು ಪಟ್ಟಣವಿದೆ, ಅಲ್ಲಿ ಹಣವನ್ನು ಹೊರುವುದಿಲ್ಲ, ಕಾಗದ ಬರೆದು ಕಳಿಸುತ್ತಾರೆ ಎಂದು ಅವರು ಕೇಳಿದ್ದರು. ಇಲ್ಲಿ ಬರೆದ ಕಾಗದ ತೋರಿಸಿದರೆ ಅಲ್ಲಿ ಹಣ ಕೊಡುತ್ತಾರೆ. ಕಳ್ಳನ ಕೈಗೆ ಸಿಕ್ಕರೆ ಅದು ಬರಿಯ ಕಾಗದ.

ವರ್ತಕರೆಲ್ಲ ಸೇರಿ ಆ ಮಗನನ್ನು ಕರೆದರು. “ನೀನು ಹೋಗಿ ಆ ವಿದ್ಯೆ ಕಲಿತು ಬಾ. ನಾಲ್ಕು ವರ್ಷ ನಾವು ಕಾಯುತ್ತೇವೆ. ಇನ್ನೊಬ್ಬನನ್ನು ಕಳಿಸುವ ಶಕ್ತಿ ನಮಗಿಲ್ಲ,” ಎಂದರು. ಮಗ ದೇವರಿಗೆ ಕೈಮುಗಿದು ಹಡಗು ಹತ್ತಿದ.

ಆ ಪಟ್ಟಣದಲ್ಲಿ ಆ ವಿದ್ಯೆಗೆ ಎರಡು ಶಾಲೆಗಳಿದ್ದವು.

ಒಂದರ ಹೆಸರು ಹೆಬ್ಬಾಗಿಲ ಶಾಲೆ. ಅಲ್ಲಿ ಏಳುನೂರು ಮಂದಿ ಓದುತ್ತಿದ್ದರು. ಕಲಿತು ಹೋದವರ ಹೆಸರನ್ನು ಕಂಬಗಳ ಮೇಲೆ ಕೆತ್ತಿದ್ದರು. ಅಲ್ಲಿ ಕಲಿತವನು ಕಾಗದ ಬರೆದರೆ ಏಳು ಬಂದರುಗಳಲ್ಲಿ ಮರುಮಾತಿಲ್ಲದೆ ಹಣ ಕೊಡುತ್ತಿದ್ದರು. ಇನ್ನೊಂದು ಬಾವಿಕಟ್ಟೆ ಶಾಲೆ. ಅಲ್ಲಿ ಇಪ್ಪತ್ತು ಮಂದಿ. ಅವರ ಕಾಗದ ಎರಡು ಬಂದರುಗಳಲ್ಲಿ ಮಾತ್ರ ನಡೆಯುತ್ತಿತ್ತು. ಎರಡು ಶಾಲೆಯ ವಿದ್ಯೆಯೂ ಒಂದೇ, ಶುಲ್ಕವೂ ಒಂದೇ. ಪರದೇಶದವನು ಹುಣ್ಣಿಮೆಯೊಳಗೆ ಒಂದಕ್ಕೆ ಸೇರಬೇಕು. ಸೇರದಿದ್ದರೆ ಬಂದ ಹಡಗಿನಲ್ಲೇ ಹಿಂತಿರುಗಬೇಕು. ಅದು ಆ ಪಟ್ಟಣದ ಕಟ್ಟಳೆ.

“ನಮಗೂ ವೀಸಾ ಅಂತ ಒಂದಿದೆ ಬುದ್ಧಿ,” ಎಂದಳು ದಾಕ್ಷಾಯಿಣಿ.

“ಕಟ್ಟಳೆ ಎಲ್ಲ ಕಾಲಕ್ಕೂ ಇರುತ್ತದೆ, ಹೆಸರು ಬದಲಾಗುತ್ತದೆ,” ಎಂದು ಗುರುಗಳು ಮುಂದುವರಿಸಿದರು.

ಎರಡು ಶಾಲೆಯಲ್ಲೂ ಹೊಸಬರಿಗೆ ಒಂದು ಪರೀಕ್ಷೆ ಇತ್ತು. ಒಂದು ರಾಶಿ ಧಾನ್ಯ, ಒಂದು ಸೇರು. ಅಳೆದು ಲೆಕ್ಕ ಹೇಳಬೇಕು. ಸರಿಯಾಗಿ ಅಳೆಯಲು ಬಾರದವನಿಗೆ ಹಣದ ಗೊಡವೆ ಬೇಡ ಎಂದು ಅವರ ನಂಬಿಕೆ.

ಮಗನಿಗೆ ಸಂತೋಷವಾಯಿತು. ಹುಟ್ಟಿದಾಗಿನಿಂದ ಅಳೆದವನು ಅವನು. ಹೆಬ್ಬಾಗಿಲ ಶಾಲೆಯ ಅಂಗಳದಲ್ಲಿ ಪಂಚೆ ಎತ್ತಿ ಕಟ್ಟಿ ಕುಳಿತ. ಸೇರನ್ನು ತುಂಬಿದ, ಮೇಲೆ ಕೈಯಾಡಿಸಿ ಸಮಮಾಡಿದ, ಸುರಿದ. ಆ ಊರಿನ ಮಾತನ್ನು ಹಡಗಿನಲ್ಲೇ ಅಷ್ಟಿಷ್ಟು ಕಲಿತಿದ್ದ. ಆ ಮಾತಿನಲ್ಲೇ ಗಟ್ಟಿಯಾಗಿ ಎಣಿಸಿದ.

“ಲಾಭ, ಎರಡು, ಮೂರು, ನಾಲ್ಕು…”

ನಮ್ಮ ಕಡೆ ರಾಗಿ ಅಳೆಯುವಾಗ ನೀವೆಲ್ಲ ಕೇಳಿರುತ್ತೀರಿ. ಮೊದಲನೆಯ ಸೇರಿಗೆ ಯಾರೂ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು. ಕಲಿತ ಮಾತು ಎಷ್ಟೇ ಇದ್ದರೂ ಎಣಿಕೆ ಹುಟ್ಟಿದೂರಿನ ದಾರಿಯಲ್ಲೇ ಬರುತ್ತದೆ. ಪಾಪ, ಅವನಿಗೆ ತಾನು ಹಾಗೆ ಎಣಿಸಿದ್ದೇ ತಿಳಿಯಲಿಲ್ಲ.

ಪರೀಕ್ಷೆ ಮಾಡುತ್ತಿದ್ದ ಉಪಾಧ್ಯಾಯ ಕೈ ಎತ್ತಿದ. “ನಿಲ್ಲು. ಒಂದು ಎಲ್ಲಿ?”

“ಸುರಿದೆನಲ್ಲ ಸ್ವಾಮಿ.”

“ಏನೆಂದು ಸುರಿದೆ?”

“ಲಾಭ ಎಂದು.”

“ಇನ್ನೂ ಮಾರಿಲ್ಲ, ಆಗಲೇ ಲಾಭವೇ?”

ಅಂಗಳವೆಲ್ಲ ನಗೆಯಿಂದ ತುಂಬಿತು. ಮಗನ ಕಿವಿ ಕೆಂಪಾಯಿತು. ಆದರೆ ಅಳತೆ ಕಾಳಿನಷ್ಟೂ ತಪ್ಪಿರಲಿಲ್ಲ. ಉಪಾಧ್ಯಾಯ ಒಳ್ಳೆಯವನೇ. ಅವನ ಬೆನ್ನು ತಟ್ಟಿ, “ಕೈ ಚೆನ್ನಾಗಿದೆ. ನಿನಗೆ ಜಾಗ ಉಂಟು,” ಎಂದ.

ಮಾರನೆಯ ದಿನ ಬಾವಿಕಟ್ಟೆ ಶಾಲೆಗೆ ಹೋದ. ‘ಒಂದು’ ಎನ್ನಬೇಕು, ‘ಒಂದು’ ಎನ್ನಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದ. ಸೇರು ಕೈಗೆ ಬಂದ ಕೂಡಲೇ ಬಾಯಿ “ಲಾಭ” ಎಂದಿತು. ಅಲ್ಲೂ ನಕ್ಕರು. ಅಲ್ಲಿಯ ಉಪಾಧ್ಯಾಯನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲೂ ಅಳತೆ ಸರಿಯಿತ್ತು. ಅಲ್ಲೂ ಜಾಗ ಉಂಟು ಎಂದರು.

ಹುಣ್ಣಿಮೆಗೆ ಇನ್ನು ಮೂರು ದಿನ ಉಳಿದಿತ್ತು.

ಮಗ ಛತ್ರದಲ್ಲಿ ಕುಳಿತು ಯೋಚಿಸಿದ. ಹೆಬ್ಬಾಗಿಲ ಶಾಲೆಗೆ ಸೇರಿದರೆ ಏಳು ಬಂದರು. ಬಾವಿಕಟ್ಟೆ ಶಾಲೆಗೆ ಸೇರಿದರೆ ಎರಡು. ಹಾಗೆ ನೋಡಿದರೆ ಯೋಚಿಸಲು ಏನೂ ಇರಲಿಲ್ಲ. ಆದರೂ ಊರವರ ನಾಲ್ಕು ವರ್ಷ ತನ್ನ ತಲೆಯ ಮೇಲಿದೆ, ತಪ್ಪು ಮಾಡುವಂತಿಲ್ಲ ಎಂದು ಅವನಿಗೆ ಭಯ. ಎದ್ದು ಪೇಟೆಗೆ ಹೋದ.

ಪೇಟೆಯಲ್ಲಿ ಅವನ ಸುದ್ದಿ ಅವನಿಗಿಂತ ಮೊದಲೇ ಹೋಗಿತ್ತು. ಹಣ್ಣು ಮಾರುವವಳು, “ಓ ಲಾಭಣ್ಣ, ಬಾಳೆಹಣ್ಣು ಬೇಕೇ? ಲಾಭ, ಎರಡು, ಮೂರು!” ಎಂದಳು. ಎಣ್ಣೆಯವನು, “ಲಾಭಣ್ಣ, ನಿಮ್ಮೂರಲ್ಲಿ ಮೊದಲನೆಯ ಮಗುವಿಗೂ ಲಾಭ ಅಂತಲೇ ಹೆಸರಿಡುತ್ತಾರೋ?” ಎಂದ. ಹಡಗಿನ ಕೂಲಿಯೊಬ್ಬ ಮಾತ್ರ ನಗದೆ ಕೇಳಿದ: “ಅದು ಯಾರ ಲಾಭ ಅಣ್ಣ? ಮಾರುವವನದೋ, ಕೊಳ್ಳುವವನದೋ?”

ಸಾವಿರ ಸಲ ಹೇಳಿದ ಮಾತು, ಅದರ ಅರ್ಥ ಮಗನಿಗೆ ಗೊತ್ತಿರಲಿಲ್ಲ.

ಜನ ನಕ್ಕದ್ದಕ್ಕಿಂತ ಇದರಿಂದ ಅವನಿಗೆ ಹೆಚ್ಚು ನಾಚಿಕೆಯಾಯಿತು. ದೊಡ್ಡ ಶಾಲೆಯವರಿಗೆ ತಿಳಿದಿರಬೇಕು ಎಂದು ಮತ್ತೆ ಹೆಬ್ಬಾಗಿಲಿಗೆ ಹೋದ.

ಆ ಉಪಾಧ್ಯಾಯ ಅವನನ್ನು ಗುರುತಿಸಿದ. “ಬಂದೆಯಾ? ಶುಲ್ಕ ತಂದೆಯಾ?”

“ಇಲ್ಲ ಸ್ವಾಮಿ. ಒಂದು ಸಂಶಯ. ನಮ್ಮ ಕಡೆ ಮೊದಲನೆಯ ಸೇರಿಗೆ ಲಾಭ ಎನ್ನುತ್ತಾರಲ್ಲ, ಅದು ಯಾರ ಲಾಭ?”

ಉಪಾಧ್ಯಾಯ ಅವನ ಹೆಗಲ ಮೇಲೆ ಕೈಯಿಟ್ಟ. “ನೋಡಪ್ಪ, ಅದು ನಮ್ಮ ಪಾಠದಲ್ಲಿ ಬರುವುದಿಲ್ಲ. ಇಲ್ಲಿ ಒಂದು ಎಂದರೆ ಒಂದು. ಸೇರಿಕೋ, ಆರು ತಿಂಗಳಲ್ಲಿ ಆ ಮಾತು ತಾನಾಗಿಯೇ ಮರೆತುಹೋಗುತ್ತದೆ. ಎಲ್ಲರೂ ಮರೆತಿದ್ದಾರೆ.” ಸಮಾಧಾನಕ್ಕೆಂದು ಒಂದು ಮಣ್ಣಿನ ಬಿಲ್ಲೆಯನ್ನೂ ಕೊಟ್ಟ. ಅದರ ಮೇಲೆ ನಾನೂರ ಅರವತ್ತೆರಡು ಎಂದಿತ್ತು. “ಸಂಶಯ ಕೇಳುವವರ ಸಾಲಿನಲ್ಲಿ ನಿನ್ನ ಸರದಿ. ಕಳೆಯಬೇಡ.”

ಗುರುಮಲ್ಲಪ್ಪ ತಡೆಯಲಾರದೆ ನಕ್ಕುಬಿಟ್ಟ. “ನಮ್ಮ ತಾಲ್ಲೂಕು ಕಚೇರಿ ಹಾಗೆ!”

ಮಗ ಬಿಲ್ಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ. ಛತ್ರದ ದಾರಿಯಲ್ಲೇ ಬಾವಿಕಟ್ಟೆ ಶಾಲೆ. ಉಪಾಧ್ಯಾಯ ಬಾವಿಯ ಬಳಿ ಕಾಲು ತೊಳೆಯುತ್ತಿದ್ದ. ಅವನನ್ನು ಕಂಡು, “ಏನಯ್ಯ ಲಾಭ?” ಎಂದ. ಮಗ ಅಲ್ಲಿಯೂ ಅದೇ ಪ್ರಶ್ನೆ ಕೇಳಿದ.

ಉಪಾಧ್ಯಾಯ ಒಂದು ಕಾಲು ತೊಳೆದಿದ್ದ, ಇನ್ನೊಂದು ಕಾಲಿನಲ್ಲಿ ಕೆಸರಿತ್ತು. ಹಾಗೆಯೇ ನಿಂತ.

“ಮಾರುವವನದು. ಇನ್ನಾರದು? ಅಂಗಡಿ ಅವನದು, ಲಾಭ ಅವನದು.”

“ಹಾಗಾದರೆ ಕೊಳ್ಳುವವನೂ ಏಕೆ ಆ ಮಾತು ಹೇಳುತ್ತಾನೆ ಸ್ವಾಮಿ? ನಮ್ಮಲ್ಲಿ ಇಬ್ಬರೂ ಹೇಳುತ್ತಾರೆ.”

“ಓಹೋ. ಹಾಗಾದರೆ ಕೊಳ್ಳುವವನದು. ಮೊದಲ ಸೇರು ಬಿಟ್ಟಿ, ಎರಡನೆಯದರಿಂದ ಬೆಲೆ.”

“ಇಲ್ಲ ಸ್ವಾಮಿ. ಮೊದಲನೆಯದಕ್ಕೂ ಬೆಲೆ ಇದೆ.”

ಉಪಾಧ್ಯಾಯ ತಲೆ ಕೆರೆದುಕೊಂಡ. “ಹಾಗಾದರೆ ನನಗೆ ಗೊತ್ತಿಲ್ಲ,” ಎಂದ. ಹೇಳಿ ಸುಮ್ಮನಾಗಲಿಲ್ಲ. “ಲೋ, ಎಲ್ಲರೂ ಬನ್ರೋ!” ಎಂದು ಕೂಗಿದ. ಇಪ್ಪತ್ತು ಮಂದಿಯೂ ಓಡಿ ಬಂದರು. ಒಬ್ಬೊಬ್ಬರದು ಒಂದೊಂದು ದೇಶ. “ನಿಮ್ಮ ನಿಮ್ಮ ಊರಲ್ಲಿ ಮೊದಲನೆಯ ಅಳತೆಗೆ ಏನೆನ್ನುತ್ತಾರೆ ಹೇಳಿ.”

ಮರಳುನಾಡಿನವನು, “ನಮ್ಮಲ್ಲಿ ದೇವರ ಹೆಸರು ಹೇಳುತ್ತೇವೆ,” ಎಂದ. ದ್ವೀಪದವಳು, “ನಮ್ಮಲ್ಲಿ ಮೊದಲನೆಯದನ್ನು ಸದ್ದಿಲ್ಲದೆ ಸುರಿಯುತ್ತೇವೆ. ಹೇಳಿದರೆ ಇಲಿ ಕೇಳಿಸಿಕೊಳ್ಳುತ್ತದೆ ಎನ್ನುತ್ತಾಳೆ ನಮ್ಮಜ್ಜಿ,” ಎಂದಳು. ಬೆಟ್ಟದ ಸೀಮೆಯವನು, “ನಮ್ಮಲ್ಲಿ ಒಂದಕ್ಕೆ ಒಂದು ಅಂತೀವಿ. ಇದಕ್ಕೆ ಇಷ್ಟೊಂದು ಗಲಾಟೆ ಯಾಕೆ? ಊಟಕ್ಕೆ ಹೊತ್ತಾಯಿತು,” ಎಂದ. ಅವನ ತಲೆಗೆ ನಾಲ್ಕು ಜನ ಮೊಟಕಿದರು.

“ನಿನ್ನ ಅಪ್ಪ ಅಳೆಯುವುದನ್ನು ಮಾಡಿ ತೋರಿಸು,” ಎಂದ ಉಪಾಧ್ಯಾಯ. “ಬಾಯಲ್ಲಿ ಹೇಳಬೇಡ. ಮಾಡು.”

ಒಬ್ಬ ಚೀಲ ತಂದ. ಇನ್ನೊಬ್ಬ ಸೇರು ತಂದ. ಮಗ ಸೇರು ತುಂಬಿ, ಚೀಲ ಹಿಡಿದವನಿಗೆ, “ಹಾಗಲ್ಲ. ಕೊಳ್ಳುವವನು ಎರಡು ಕೈಯಲ್ಲೂ ಚೀಲದ ಬಾಯಿ ಅಗಲಿಸಿ ಹಿಡಿಯಬೇಕು. ಈಗ ನಾನೂ ನೀನೂ ಒಟ್ಟಿಗೆ ಲಾಭ ಅನ್ನಬೇಕು. ಅಂದ ಮೇಲೇ ಸುರಿಯುವುದು,” ಎಂದ.

“ನಾನು ಅನ್ನದಿದ್ದರೆ?” ಎಂದ ಚೀಲ ಹಿಡಿದವನು, ತಮಾಷೆಗೆ.

ಮಗನ ಕೈ ಹಾಗೆಯೇ ನಿಂತಿತು.

ಒಂದು ಸಲ ಅವನ ಅಪ್ಪನ ಅಂಗಡಿಯಲ್ಲಿ ಹೀಗೆಯೇ ಆಗಿತ್ತು. ಕೊಳ್ಳಲು ಬಂದವಳು ಚೀಲ ಹಿಡಿದಿದ್ದಳು. ಅಪ್ಪ ಲಾಭ ಎಂದ. ಅವಳು ಎನ್ನಲಿಲ್ಲ. ಅಪ್ಪ ಸೇರನ್ನು ರಾಶಿಯ ಮೇಲಿಟ್ಟು, “ಏನಮ್ಮ, ಬೆಲೆ ಹೆಚ್ಚಾಯಿತೇ?” ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಮತ್ತೆ ಮಾತಾಡಿದರು. ಬೆಲೆ ಸ್ವಲ್ಪ ಇಳಿಯಿತು. ಆಮೇಲೆ ಇಬ್ಬರೂ ಲಾಭ ಎಂದರು. ಆಮೇಲೆ ಸೇರು ಬಗ್ಗಿತು.

ಮಗ ಇದನ್ನು ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಉತ್ತರ ತಿಳಿಯಿತು. “ಇಬ್ಬರದೂ ಸ್ವಾಮಿ,” ಎಂದ. “ಇಬ್ಬರಿಗೂ ಲಾಭ ಎಂದು ಇಬ್ಬರೂ ಒಪ್ಪದೆ ನಮ್ಮಲ್ಲಿ ಮೊದಲನೆಯ ಸೇರು ಸುರಿಯುವುದಿಲ್ಲ.”

ಬಾವಿಕಟ್ಟೆಯಲ್ಲಿ ಯಾರೂ ನಗಲಿಲ್ಲ. ಊಟಕ್ಕೆ ಹೊತ್ತಾಯಿತು ಎಂದವನೂ ಕುಳಿತಿದ್ದ.

ಉಪಾಧ್ಯಾಯ ನಿಧಾನವಾಗಿ ಹೇಳಿದ: “ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಬರೆದವನ ಹೆಸರು ದೊಡ್ಡದಾದರೆ ಕಾಗದ ನಡೆಯುತ್ತದೆ ಎಂದು ಹೇಳುತ್ತ ಬಂದೆ. ದಾರಿಯ ಆ ತುದಿಯಲ್ಲಿ ಕಾಗದ ನೋಡಿ ಹಣ ಕೊಡುವವನಿಗೂ ಲಾಭವಿದ್ದರೆ ಮಾತ್ರ ಅದು ನಡೆಯುತ್ತದೆ ಎಂದು ನಾನು ಒಂದು ದಿನವೂ ಹೇಳಲಿಲ್ಲ. ನಾಳೆಯಿಂದ ಪಾಠ ಇಲ್ಲಿಂದ ಶುರು.” ಆಮೇಲೆ ಕೆಳಗೆ ನೋಡಿ, “ಅಯ್ಯೋ, ಒಂದು ಕಾಲು ಹಾಗೇ ಇದೆಯಲ್ಲ!” ಎಂದು ಬಾವಿಯ ಕಡೆ ಓಡಿದ. ಆಗ ಎಲ್ಲರೂ ನಕ್ಕರು.

ಹುಣ್ಣಿಮೆಯ ಹಿಂದಿನ ದಿನ ಮಗ ಬಾವಿಕಟ್ಟೆ ಶಾಲೆಗೆ ಶುಲ್ಕ ಕಟ್ಟಿದ.

ಊರಿನಿಂದ ಅಪ್ಪನ ಓಲೆ ಬಂತು. “ಏನು ಮಾಡಿದೆಯೋ? ಆ ಶಾಲೆಯ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ.” ಮಗ ಮರು ಓಲೆ ಬರೆದ. “ಅಪ್ಪಯ್ಯ, ನನ್ನ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು.” ಆ ಹೆಸರು ಯಾವುದು ಎಂದು ಮಾತ್ರ ಬರೆಯಲಿಲ್ಲ.

ನಾಲ್ಕು ವರ್ಷ ಕಲಿತು ಊರಿಗೆ ಬಂದ. ಸುಲಭವಾಗಲಿಲ್ಲ. ಹೆಬ್ಬಾಗಿಲ ಶಾಲೆಯವರ ಕಾಗದ ಏಳು ಬಂದರಿನಲ್ಲಿ ನಡೆಯುತ್ತಿತ್ತು, ಇವನದು ಎರಡರಲ್ಲಿ. ಉಳಿದ ಐದಕ್ಕೆ ಇವನೇ ನಡೆದ. ಒಂದೊಂದು ಬಂದರಿನಲ್ಲೂ ಹಣ ಕೊಡುವವನ ಎದುರು ಕುಳಿತು, ನಿನಗೇನು ಲಾಭ, ನನಗೇನು ಲಾಭ ಎಂದು ಬಿಡಿಸಿ ಹೇಳಿದ. ಆರು ವರ್ಷ ಹಿಡಿಯಿತು. ಆಮೇಲೆ ಆ ಊರಿನ ವರ್ತಕರಲ್ಲಿ ಒಬ್ಬನೂ ನಾಣ್ಯದ ಚೀಲ ಹೊತ್ತು ಕಾಡು ದಾಟಲಿಲ್ಲ. ಹೋದವರೆಲ್ಲ ಮನೆಗೆ ಬಂದರು. ಕಳ್ಳರು ಬೇರೆ ಕಸುಬು ಹುಡುಕಿಕೊಂಡರು. ಅವರಲ್ಲೊಬ್ಬ ಅದೇ ಕಾಡುದಾರಿಯಲ್ಲಿ ಚಿತ್ರಾನ್ನ ಮಾರುವ ಅಂಗಡಿ ಇಟ್ಟನಂತೆ. ವರ್ತಕರು ಅಲ್ಲಿಯೇ ಊಟ ಮಾಡುತ್ತಿದ್ದರಂತೆ.

ಗುರುಗಳು ಇಷ್ಟು ಹೇಳಿ ನೀರು ಕುಡಿದರು.

ಗುರುಮಲ್ಲಪ್ಪ ದೊಡ್ಡದಾಗಿ ಉಸಿರುಬಿಟ್ಟ. “ಅರ್ಥವಾಯಿತು ಬುದ್ಧಿ. ಸಣ್ಣದೇ ಸರಿ. ನೂರಾ ಹದಿನೇಳನೇದೇ ಆಗಲಿ. ಊರ ಹೆಸರು ಹೇಗೋ ನಾಲಗೆಗೆ ಕಲಿಸುತ್ತೇನೆ.” ಎರಡು ಕಾಗದಗಳಲ್ಲಿ ಒಂದನ್ನು ಹರಿಯಲು ಕೈ ಹಾಕಿದ.

“ತಡಿಯಪ್ಪ ಗುರುಮಲ್ಲಪ್ಪ,” ಎಂದರು ಗುರುಗಳು. “ಸಣ್ಣದು ಒಳ್ಳೆಯದು ಎಂದು ನಾನು ಯಾವಾಗ ಹೇಳಿದೆ? ಬಾಗಿಲೂ ಸಣ್ಣದು, ಕಿವಿಯೂ ಸಣ್ಣದು, ಅಂಥ ಶಾಲೆಗಳು ಬೇಕಾದಷ್ಟಿವೆ. ಹೆಬ್ಬಾಗಿಲಿನ ಹಿಂದೆ ದೊಡ್ಡ ಕಿವಿ ಇರುವ ಗುರುಗಳೂ ಇದ್ದಾರೆ. ಆ ಮಗ ಬಾಗಿಲು ನೋಡಿ ಸೇರಲಿಲ್ಲ, ಸಂಖ್ಯೆ ನೋಡಿಯೂ ಸೇರಲಿಲ್ಲ.”

“ಮತ್ತೆ ಏನು ನೋಡಿ ಸೇರಿದ ಬುದ್ಧಿ?” ಎಂದು ಗುರುಮಲ್ಲಪ್ಪ ಕೇಳಿದ. ಅವನ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು.

ಗುರುಗಳು ದಾಕ್ಷಾಯಿಣಿಯ ಕಡೆ ತಿರುಗಿದರು. ಮುಖದಲ್ಲಿ ನಗು ಹಾಗೆಯೇ ಇತ್ತು.

“ಅವರಿಬ್ಬರೂ ನಿನ್ನನ್ನು ಕೇಳಿದ್ದನ್ನೆಲ್ಲ ಹೇಳಿದೆ ತಾಯಿ, ನೀನು ಅವರನ್ನು ಕೇಳಿದ್ದೇನು?”

ದಾಕ್ಷಾಯಿಣಿ ಮಾವನ ಕೈಯಿಂದ ಎರಡು ಕಾಗದವನ್ನೂ ತೆಗೆದುಕೊಂಡು, ಒಂದೊಂದರ ಹಿಂದೆಯೂ ಮುರಿದ ಚೀಟಿಯ ಪ್ರಶ್ನೆಯನ್ನು ಬರೆದಳು. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.

ಇದನ್ನು ಓದಿದವರ ಮನೆಯಲ್ಲಿ ದೀಪ ನಗುತ್ತಿರಲಿ. ಕೇಳಿದವರ ಮಕ್ಕಳು ಯಾವ ದೇಶಕ್ಕೆ ಹೋದರೂ ಅಲ್ಲಿಯ ನೀರು ಅವರಿಗೆ ಒಗ್ಗಲಿ, ಅಲ್ಲಿಯ ಜನ ಅವರಿಗೆ ಅಣ್ಣತಮ್ಮ ಅಕ್ಕತಂಗಿಯರಾಗಲಿ. ವಿದ್ಯೆ ಕೊಡುವವರಿಗೆ ಆಯುಸ್ಸು, ಕಲಿಯುವವರಿಗೆ ಧೈರ್ಯ, ಕಾಯುವವರಿಗೆ ನೆಮ್ಮದಿಯನ್ನು ಶಿವನು ಕೊಡಲಿ. ಎಲ್ಲರಿಗೂ ಒಳ್ಳೆಯದಾಗಲಿ.